ಸೈಲೆನ್ಸರ್ ಮೇಲಿನ ಲೋಟ

ಸಿದ್ದಯ್ಯನವರು ನಾಲ್ಕನೇ ಸಲ ಹ್ಯಾಂಡಲು ತಿರುವಿದರು. ಟ್ರ್ಯಾಕ್ಟರು ಒಂದು ಸಲ ಗೊರಕ್ ಎಂದು ಸುಮ್ಮನಾಯಿತು. ಹಿಂದಿನ ಟ್ರೇಲರಿನಲ್ಲಿ, ಬಿದಿರು ಕಟ್ಟಿ ಹೂ ಸುತ್ತಿದ ಅಂತಿಮಯಾತ್ರೆಯ ವಿಮಾನದೊಳಗೆ, ಷಡಕ್ಷರಪ್ಪನವರು ಹಣೆ ತುಂಬ ವಿಭೂತಿ ಧರಿಸಿ ನೆಟ್ಟಗೆ ಕೂತಿದ್ದರು. ಈ ಎಂಬತ್ತೊಂದು ವರ್ಷದ ಮನುಷ್ಯ ಬೇರೆಯವರ ಕೈಗೆ ಹ್ಯಾಂಡಲು ಕೊಟ್ಟು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಇದೇ ಮೊದಲು.

"ಹ್ಯಾಂಡ್ಲು ಬಿಗೀತಾ ಐತೆ ಕಣಪ್ಪ," ಎಂದರು ಸಿದ್ದಯ್ಯ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಉಸ್ರು ಕಟ್ದಂಗೆ ಆಡ್ತೈತೆ."

ಐವತ್ತು ವರ್ಷದಿಂದ ಈ ಗಾಡಿ ರಿಪೇರಿ ಮಾಡಿದ ಕೈ ಅವರದು. ಅವರೇ ಹೀಗಂದ ಮೇಲೆ ಷಡಕ್ಷರಪ್ಪನವರ ಮಗ ಚಿದಂಬರ ತಲೆ ಕೆರೆದುಕೊಂಡ. ಅರಸೀಕೆರೆಯಿಂದ ಹೂವಿನ ವ್ಯಾನು ತರಿಸೋಣವೆಂದು ನೆಂಟರೆಲ್ಲ ಬೆಳಿಗ್ಗೆಯೇ ಹೇಳಿದ್ದರು. ಬೇಡ, ಅಪ್ಪ ತನ್ನ ಟ್ರ್ಯಾಕ್ಟರಿನಲ್ಲೇ ತೋಟಕ್ಕೆ ಹೋಗಬೇಕು ಎಂದು ಹಟ ಹಿಡಿದವನು ಅವನೊಬ್ಬನೇ. ಆ ಗಾಡಿ ಕಂಡರೆ ಮುಖ ಸಿಂಡರಿಸುತ್ತಿದ್ದವನಿಗೆ ಈಗೇನು ಹುಚ್ಚು ಎಂದು ಬಾಣಾವರದ ಅರ್ಧ ಬೀದಿ ಮಾತಾಡಿಕೊಂಡಿತು. ಕ್ರಿಯೆ ಮಾಡಿಸಲು ಬಂದಿದ್ದ ಕರಿಬಸವಯ್ಯನವರು ಬಿಸಿಲು ನೋಡಿದರು. ಹೊತ್ತು ಮುಳುಗುವುದರೊಳಗೆ ಸಮಾಧಿ ಆಗಬೇಕು, ಇನ್ನೊಂದು ಸಲ ನೋಡಿ, ಆಗದಿದ್ದರೆ ವ್ಯಾನಿಗೆ ಫೋನು ಮಾಡಿಬಿಡಿ ಎಂದರು.

*

ವರ್ಷಕ್ಕೊಂದು ಸಲ, ಹಳೇಬೀಡಿನಲ್ಲಿ ಹಳೇ ಟ್ರ್ಯಾಕ್ಟರುಗಳ ಮೇಳ. ಷಡಕ್ಷರಪ್ಪನವರದು ಅರವತ್ನಾಲ್ಕರ ಮಾಡೆಲ್ಲು. ಉಳಿದವರು ತಮ್ಮ ಗಾಡಿಗಳನ್ನು ಲಾರಿ ಮೇಲೆ ಹೇರಿಕೊಂಡು ಬರುತ್ತಿದ್ದರು. ಇವರು ಮಾತ್ರ ಜಾವಗಲ್ ರಸ್ತೆಯಲ್ಲಿ ಓಡಿಸಿಕೊಂಡೇ ಹೋಗುತ್ತಿದ್ದರು. ಲಾರಿ ಮಾಡಿ ಎಂದವರಿಗೆ, "ಮದುವೆ ಗಂಡನ್ನ ಯಾರಾದ್ರೂ ಹೊತ್ಕೊಂಡು ಹೋಗ್ತಾರೇನ್ಲಾ?" ಎನ್ನುತ್ತಿದ್ದರು.

ಬಲಗಡೆ ಮಡ್‌ಗಾರ್ಡಿನ ಮೇಲೆ ಮಡಿಸಿದ ಕಂಬಳಿ. ಅದರ ಮೇಲೆ ಹೆಂಡತಿ ಕಾಂತಮ್ಮ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಆದರೆ ಅವರ ನಿಜವಾದ ಕೆಲಸ ಹೊರಡುವ ಮುಂಚೆಯೇ ಮುಗಿಯುತ್ತಿತ್ತು. ಮಳೆನೀರು ಇಳಿಯದಿರಲೆಂದು ಸೈಲೆನ್ಸರಿನ ಬಾಯಿಗೆ ಸ್ಟೀಲಿನ ಲೋಟವೊಂದನ್ನು ಕವುಚಿ ಹಾಕಿರುತ್ತಿದ್ದರು. ಗಂಡ ಅದನ್ನು ಕೈಯಿಂದ ತೆಗೆದವರೇ ಅಲ್ಲ. ಇಂಜಿನ್ನು ಹತ್ತಿಕೊಂಡೊಡನೆ ಹೊಗೆ ಲೋಟವನ್ನು ಮೇಲಕ್ಕೆ ಹಾರಿಸುತ್ತಿತ್ತು. ಕೆಳಗೆ ಕಾಂತಮ್ಮ ಸೆರಗು ಹಿಡಿದು ನಿಂತಿರುತ್ತಿದ್ದರು. ಮೇಳಕ್ಕೆ ಹೋದ ಇಪ್ಪತ್ತೆರಡು ವರ್ಷದಲ್ಲಿ ಎರಡೇ ಸಲ ಕೈ ತಪ್ಪಿತ್ತು. ಲೋಟಕ್ಕೆ ಬಿದ್ದ ಆ ಎರಡು ತಗ್ಗುಗಳನ್ನು ಷಡಕ್ಷರಪ್ಪ ಮೇಳದಲ್ಲಿ ಸಿಕ್ಕವರಿಗೆಲ್ಲ ತೋರಿಸಿ ಹೆಂಡತಿಯ ಕೈಲಿ ಬೈಸಿಕೊಂಡು ಖುಷಿಪಡುತ್ತಿದ್ದರು.

*

ಹೋದ ವರ್ಷ ಅದೇ ರಸ್ತೆಯಲ್ಲಿ ಚಿದಂಬರ ಕಾರಿನಲ್ಲಿದ್ದ. ಅರಸೀಕೆರೆಯಲ್ಲಿ ಅವನದು ಕೊಬ್ಬರಿ ಮಂಡಿ. ಪಕ್ಕದಲ್ಲಿ ಬೇರೆ ಊರಿನ ದೊಡ್ಡ ವ್ಯಾಪಾರಿ, ಹಳೇಬೀಡು ನೋಡಬೇಕೆಂದು ಹೊರಟವರು. ಜಾವಗಲ್ ದಾಟಿದ ಮೇಲೆ ಮುಂದೆ ಹತ್ತಿಪ್ಪತ್ತು ವಾಹನ ಸಾಲುಗಟ್ಟಿದ್ದವು. ಸಾಲಿನ ತಲೆಯಲ್ಲಿ ಅಪ್ಪ, ಅಮ್ಮ, ಹೊಗೆ. ಚಿದಂಬರ ಉದ್ದಕ್ಕೆ ಹಾರ್ನ್ ಹೊಡೆದ. ಅಪ್ಪ ತಿರುಗಿ ನೋಡದೆ ಬಲಗೈ ಹೊರಚಾಚಿ, ಮುಂದೆ ದಾರಿ ಖಾಲಿಯಾದೊಡನೆ 'ಹೋಗಿ ಹೋಗಿ' ಎಂದು ಬೀಸಿದರು. ಒಂದೊಂದೇ ವಾಹನ ದಾಟಿ ಕಾರು ಪಕ್ಕಕ್ಕೆ ಬಂದಾಗ ವ್ಯಾಪಾರಿ ನಗುತ್ತ ಕೇಳಿದರು.

"ಯಾರ್ರೀ ಇವ್ರು?"

"ಯಾರೋ ಹಳ್ಳಿಯವ್ರು," ಎಂದ ಚಿದಂಬರ.

ಗಾಜು ಏರಿಸಿತ್ತು. ಅಪ್ಪನಿಗೆ ಕೇಳಿಸಿರಲು ಸಾಧ್ಯವಿಲ್ಲ. ಆದರೂ ಸಂಜೆ ಬಾಣಾವರದ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತ, "ನಿನ್ ಕಾರಿನ ಹಾರ್ನು ಚೆನ್ನಾಗೈತೆ ಕಣೋ," ಎಂದರು, ಅಷ್ಟೇ. ಮುಖದಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಅದೇ ಚಿದಂಬರನನ್ನು ವರ್ಷವಿಡೀ ಚುಚ್ಚಿತು. ಈ ಶುಕ್ರವಾರ ಫೋನು ಮಾಡಿ, ಭಾನುವಾರ ಮೇಳಕ್ಕೆ ನಾನೂ ಜೊತೆಗೆ ಬರುತ್ತೇನೆ ಎಂದ. ಅಪ್ಪ, "ಬಾರಪ್ಪ, ಎಡಗಡೆ ಮಡ್‌ಗಾರ್ಡು ಖಾಲಿ ಐತೆ," ಎಂದರು.

ಶನಿವಾರ ಮಧ್ಯಾಹ್ನ ಗಾಡಿ ತೊಳೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಫಿ ಕುಡಿದು ಮಲಗಿದವರು ಏಳಲಿಲ್ಲ.

*

ಸಿದ್ದಯ್ಯ ಐದನೇ ಸಲ ತಿರುವಿದರು. ಗೊರಕ್. ಚಿದಂಬರ ಜೇಬಿನಿಂದ ಫೋನು ತೆಗೆದ. ಕಣ್ಣು ತುಂಬಿ ನಂಬರು ಕಾಣಿಸಲಿಲ್ಲ.

ಆಗ ಕಾಂತಮ್ಮ ಜಗಲಿಯಿಂದ ಇಳಿದು ಬಂದರು. ಇಂಜಿನ್ನಿನ ಪಕ್ಕ, ತಾವು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತು, ತಲೆಯೆತ್ತಿ ನೋಡಿದರು. ಸೈಲೆನ್ಸರಿನ ಉದ್ದಕ್ಕೂ ಚೆಂಡುಹೂವಿನ ಹಾರ ಸುತ್ತಿತ್ತು. ತುದಿಯಲ್ಲಿ ಹೂವಿನ ದೊಡ್ಡ ಉಂಡೆ.

"ಲೋಟ ಎಲ್ಲೋ?"

"ಹೂವಿನೊಳಗೇ ಐತೆ ಕಣಮ್ಮ. ಕಳಶದ ಥರ ಚೆನ್ನಾಗಿ ಕಾಣ್ತಿತ್ತು. ಬೀಳದಿರ್ಲಿ ಅಂತ ತೆಂಗಿನ ಹುರಿ ಹಾಕಿ ಬಿಗಿಯಾಗಿ ಕಟ್ಟಿದೀನಿ," ಎಂದ ಚಿದಂಬರ.

ಸಿದ್ದಯ್ಯ ಹ್ಯಾಂಡಲು ಕೆಳಗಿಟ್ಟು ಹಣೆ ಚಚ್ಚಿಕೊಂಡರು. ಹೊಗೆ ಹೋಗೋ ಬಾಯನ್ನೇ ಕಟ್ಟಿದ ಮೇಲೆ ಗಾಡಿ ಯಾವ ದಾರೀಲಿ ಉಸಿರಾಡಬೇಕು ಎಂದು ಅವರು ಬೈದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ, ಸಾವಿನ ಮನೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೊರಡುವ ಹೊತ್ತಿಗೆ ಬಂದು ನಿಲ್ಲದ ಮಗನಿಗೆ ಆ ಲೋಟ ಹಾರುತ್ತದೆಂಬುದೇ ಗೊತ್ತಿರಲಿಲ್ಲ. ಅವನು ಬಾನೆಟ್ಟಿನ ಮೇಲೆ ಹತ್ತಿ ಹುರಿ ಕೊಯ್ದ. ಲೋಟವನ್ನೂ ತೆಗೆಯಹೊರಟಾಗ ಅಮ್ಮ ತಡೆದರು.

"ಅದು ಅಲ್ಲೇ ಇರ್ಲಿ."

ಸಿದ್ದಯ್ಯ ತಿರುವಿದರು. ಗಾಡಿ ಕೆಮ್ಮಿತು, ನಡುಗಿತು, ಡಬ್ ಎಂದು ಹತ್ತಿಕೊಂಡಿತು. ಹೂವಿನ ದಳಗಳ ನಡುವಿನಿಂದ ಲೋಟ ಚಿಮ್ಮಿತು. ಬೀದಿಯೆಲ್ಲ ತಲೆಯೆತ್ತಿತು. ಕಾಂತಮ್ಮ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಒಡ್ಡಿದರು. ಲೋಟ ಸರಿಯಾಗಿ ಅದರೊಳಗೆ ಬಿತ್ತು.

ಮೊದಲು ನಕ್ಕವರು ಕರಿಬಸವಯ್ಯ. ಆಮೇಲೆ ನೆಂಟರು, ಬೀದಿಯವರು, ಕೊನೆಗೆ ಕಾಂತಮ್ಮನೇ. ಅಳುತ್ತಲೇ ನಗುತ್ತಿದ್ದ ಅವರು ಸೆರಗಿನಿಂದ ಲೋಟ ಒರೆಸಿ ಗಂಡನತ್ತ ತೋರಿಸಿದರು.

"ಹಿಡ್ದೆ ಕಣ್ರೀ."

*

ಚಿದಂಬರ ಸ್ಟೀರಿಂಗ್ ಹಿಡಿದ. ಗೇರು ಬದಲಿಸುವುದನ್ನು ಸಿದ್ದಯ್ಯ ಎಡಗಡೆ ಮಡ್‌ಗಾರ್ಡಿನಲ್ಲಿ ಕೂತು ಹೇಳಿಕೊಡುತ್ತಿದ್ದರು. ಬಲಗಡೆ, ಕಂಬಳಿಯ ಮೇಲೆ ಅಮ್ಮ. ತೋಟವಿದ್ದದ್ದು ಜಾವಗಲ್ ರಸ್ತೆಯಲ್ಲೇ, ಎರಡು ಕಿಲೋಮೀಟರು. ಅವತ್ತಿನ ಮೇಳದ ದಾರಿಯೇ. ನಡೆಯುವವರು ರಸ್ತೆಯ ಅಂಚಿಗೆ ಸರಿದಿದ್ದರು. ಹಿಂದೆ ಬಸ್ಸು, ಆಟೋ, ಲಾರಿಗಳ ಸಾಲು ಬೆಳೆಯುತ್ತ ಹೋಯಿತು. ಯಾವುದೋ ಕಾರು ಉದ್ದಕ್ಕೆ ಹಾರ್ನ್ ಹೊಡೆಯಿತು.

"ಹಾರ್ನು ಚೆನ್ನಾಗೈತೆ ಕಣೋ," ಎಂದರು ಕಾಂತಮ್ಮ, ಮುಂದೆ ನೋಡುತ್ತಲೇ.

ಚಿದಂಬರ ಬಲಗೈ ಹೊರಚಾಚಿ, 'ಹೋಗಿ ಹೋಗಿ' ಎಂದು ಬೀಸಿದ. ಕಾರು ಪಕ್ಕಕ್ಕೆ ಬಂತು. ವಿಮಾನ ಕಂಡು ಓಡಿಸುತ್ತಿದ್ದವನು ನಿಧಾನ ಮಾಡಿ ಗಾಜು ಇಳಿಸಿದ.

"ಯಾರ್ರೀ ಇವ್ರು?"

ಇಂಜಿನ್ನಿನ ಸದ್ದಿನ ಮೇಲೆ ಚಿದಂಬರ ಗಂಟಲು ಹರಿಯುವಂತೆ ಕೂಗಿ ಹೇಳಿದ.

"ನಮ್ಮಪ್ಪ ಕಣ್ರೀ. ಹಳೇಬೀಡಿಗೆ ಹೊರಟಿದ್ರು."

ಕಾರು ಮುಂದೆ ಹೋಗಲಿಲ್ಲ. ಹಿಂದೆ ಸರಿದು, ಸಾಲಿನಲ್ಲಿ ಜಾಗ ಮಾಡಿಕೊಂಡು, ಟ್ರೇಲರಿನ ಹಿಂದೆ ಅದೇ ನಿಧಾನದಲ್ಲಿ ಬರತೊಡಗಿತು. ಕಾಂತಮ್ಮನ ತೊಡೆಯ ಮೇಲೆ ಲೋಟ ಇನ್ನೂ ಬೆಚ್ಚಗಿತ್ತು.