ಕತ್ತರಿಬಾಯಿಯ ನಾಲ್ಕು ಹಲ್ಲು

ಎರಡೂ ಹೆಬ್ಬೆರಳುಗಳನ್ನು ಗಲ್ಲದ ಕೆಳಗಿಟ್ಟು ಅವಳು ಇನ್ನೊಮ್ಮೆ ಒತ್ತಿದಳು. ಬಾಯಿ ಮುಚ್ಚಲಿಲ್ಲ. ಬೆಳಿಗ್ಗೆ ಎಬ್ಬಿಸಲು ಹೋದಾಗಲೇ ದವಡೆ ಬಿಗಿದುಹೋಗಿತ್ತು. ಬದುಕಿದ್ದಾಗ ತೆರೆಯಿರಿ ಎಂದರೆ ತೆರೆಯದ ಬಾಯಿ, ಈಗ ಮುಚ್ಚಿ ಎಂದರೆ ಮುಚ್ಚುತ್ತಿಲ್ಲ. ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುವ ಗುಣವನ್ನು ಗಂಡ ಸತ್ತ ಮೇಲೂ ಬಿಟ್ಟಿಲ್ಲವೆಂದು ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ಬಿಡಿ ಅಕ್ಕ, ನಾನು ಕಟ್ತೀನಿ," ಎಂದು ಪಕ್ಕದ ಮನೆಯಾಕೆ ಮುಂದೆ ಬಂದಳು. "ನಮ್ಮತ್ತೆಗೂ ನಾನೇ ಕಟ್ಟಿದ್ದು. ಒಂದು ಬಟ್ಟೆ ಕೊಡಿ ಸಾಕು."

"ಬೇಡ."

"ಹಾಗೇ ಬಿಟ್ರೆ ನೋಡೋಕೆ ಚೆನ್ನಾಗಿರಲ್ಲ..."

"ಬೇಡ ಅಂದ್ನಲ್ಲ! ಹತ್ರ ಬರಬೇಡಿ."

ಪಕ್ಕದ ಮನೆಯಾಕೆ ಮುಖ ಊದಿಸಿಕೊಂಡು ಹಿಂದೆ ಸರಿದಳು. ದರ್ಜಿಯ ಮನೆಯಲ್ಲಿ ಬಟ್ಟೆಗೇನು ಬರ? ಹೆಂಡತಿಯೇ ಕಪಾಟಿನಿಂದ ಬಿಳಿ ಲೈನಿಂಗ್ ಬಟ್ಟೆಯ ತುಂಡು ತೆಗೆದು ಅವನ ಮೂಗಿನಿಂದ ಕೆಳಕ್ಕೆ ಹೊದಿಸಿದಳು. ಮುಂಭಾಗದ ಅಂಗಡಿಯ ಕಟಿಂಗ್ ಟೇಬಲ್ಲಿನ ಮೇಲೆ ಅವನನ್ನು ಮಲಗಿಸಿದ್ದರು; ಮನೆಯಲ್ಲಿ ಅಷ್ಟು ಉದ್ದದ್ದು ಬೇರೇನೂ ಇರಲಿಲ್ಲ. ಮೇಲೆ ಹ್ಯಾಂಗರುಗಳಲ್ಲಿ ಶಾಲೆಯ ನೀಲಿ ಪ್ಯಾಂಟುಗಳು ತೂಗುತ್ತಿದ್ದವು. ಕೊನೆಯ ಬಾರಿ ನೋಡಲೆಂದು ಬಂದ ಒಬ್ಬಾಕೆ ಒಂದು ಕಣ್ಣು ಒರೆಸಿಕೊಂಡು, ಇನ್ನೊಂದು ಕಣ್ಣನ್ನು ಹ್ಯಾಂಗರುಗಳ ಮೇಲಿಟ್ಟು, "ನಮ್ಮ ಹುಡುಗನ ಪ್ಯಾಂಟು ಮುಗ್ದಿತ್ತಾ, ಪಾಪ?" ಎಂದು ಕೇಳಿದಳು.

ಅಷ್ಟರಲ್ಲಿ ಭಾವ ಬಂದರು. ಗಂಡನ ಅಣ್ಣ, ಅವರೂ ದರ್ಜಿಯೇ, ಊರಿನ ಆ ಕೊನೆಯಲ್ಲಿ ಅಂಗಡಿ. ಮಗಳ ಮದುವೆಯಾದಾಗಿನಿಂದ ತಮ್ಮನ ಹೊಸ್ತಿಲು ತುಳಿದವರಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ನೇರ ಟೇಬಲ್ಲಿನ ಬಳಿ ಬಂದು ನಿಂತರು.

"ಬಟ್ಟೆ ತೆಗಿಯಮ್ಮ. ಮುಖ ನೋಡ್ಬೇಕು."

"ಹಣೆ, ಕಣ್ಣು ಕಾಣ್ತಿದೆಯಲ್ಲ ಭಾವ."

"ಅರ್ಧ ಮುಖ ನೋಡೋಕೆ ಅಲ್ಲಿಂದ ಬಂದ್ನಾ ನಾನು?"

"ಈಗ ಬೇಡ. ಆಮೇಲೆ ನಾನೇ ತೋರಿಸ್ತೀನಿ."

ಭಾವನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. "ಆಮೇಲೆ ಅಂದ್ರೆ ಯಾವಾಗ? ಮಧ್ಯಾಹ್ನ ವ್ಯಾನು ಬರತ್ತೆ, ಎತ್ಕೊಂಡು ಹೋಗ್ತಾರೆ. ಬದುಕಿದ್ದಾಗಲೂ ನನ್ನ ಕಂಡ್ರೆ ಬಾಯಿಗೆ ಕೈ ಅಡ್ಡ ಇಡ್ತಿದ್ದ. ಸತ್ತ ಮೇಲೂ ಮುಚ್ಕೋಬೇಕಾ? ಅಂಥದ್ದೇನು ಮಾಡಿದ್ದೆ ನಾನು ಅವನಿಗೆ?"

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹೇಳುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಅತ್ತ ದರಿ, ಇತ್ತ ಪುಲಿ. ಅವಳು ಬಟ್ಟೆಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

*

ಕತ್ತರಿಬಾಯಿ ಎಂಬ ಅಡ್ಡಹೆಸರು ಅವಳ ಗಂಡನಿಗೆ ಸುಮ್ಮನೆ ಬಂದದ್ದಲ್ಲ. ಹೊಲಿಗೆ ಮುಗಿದ ಕೂಡಲೇ ಬಗ್ಗಿ, ದಾರವನ್ನು ಮುಂದಿನ ಹಲ್ಲಿನಲ್ಲಿ ಕಟಕ್ಕನೆ ಕಡಿಯುತ್ತಿದ್ದ. ಕತ್ತರಿ ಮೊಣಕೈ ಪಕ್ಕದಲ್ಲೇ ಬಿದ್ದಿದ್ದರೂ ಮುಟ್ಟುತ್ತಿರಲಿಲ್ಲ. ಮಾತೂ ಅಷ್ಟೇ ಹರಿತ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಿರಾಕಿಗೆ, "ಉಸಿರು ಬಿಡಿ ಸ್ವಾಮಿ. ಪ್ಯಾಂಟು ನಿಮಗೆ ಹೊಲೀತಿದ್ದೀನಿ, ನಿಮ್ಮ ತಮ್ಮನಿಗಲ್ಲ," ಎನ್ನುವನು. ಬೈಸಿಕೊಳ್ಳಲೆಂದೇ ಬರುವ ಗಿರಾಕಿಗಳಿದ್ದರು.

ಹಲ್ಲು ಕತ್ತರಿಯಲ್ಲ ಎಂಬುದು ಅವನಿಗೆ ತಿಳಿಯದಿದ್ದರೂ ಹಲ್ಲಿಗೆ ತಿಳಿಯಿತು. ಮೊದಲು ಒಂದು ಸೀಳಿತು, ಪಕ್ಕದ್ದು ಅಲುಗಾಡಿತು, ಕೊನೆಗೆ ಮೇಲಿನ ಸಾಲಿನ ಮುಂದಿನ ನಾಲ್ಕೂ ಹೋದವು. ತೆಗೆದು ಹಾಕುವ ಹಲ್ಲಿನ ಸೆಟ್ಟು ಮಾಡಿಸಿಕೊಂಡ. ಒಂದು ದಿನ ಮಂಡಿಯೂರಿ ಗಿರಾಕಿಯೊಬ್ಬರ ಕಾಲಿನ ಅಳತೆ ತೆಗೆಯುತ್ತ ಏನೋ ತಮಾಷೆ ಮಾಡಿ ನಕ್ಕ. ಸೆಟ್ಟು ಜಾರಿ ಆ ಗಿರಾಕಿಯ ಪ್ಯಾಂಟಿನ ಮಡಿಕೆಯೊಳಗೆ ಬಿತ್ತು. ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನೂ ಬರಿ ವಸಡಿನಲ್ಲೇ ನಕ್ಕ. ಅದೇ ಕೊನೆ. ಆ ಸೆಟ್ಟನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಮಾರನೆಯ ದಿನದಿಂದ ಬಾಯಿಗೆ ಬೀಗ, ಬೀಗದ ಮೇಲೆ ಅಂಗೈ.

ಅಣ್ಣನ ಮಗಳ ಮದುವೆ ಅದಾದ ಕೆಲವೇ ವಾರಕ್ಕೆ ಬಂತು. ಅಂಗಡಿಯ ಆ ನಗು ಅಣ್ಣನ ಕಿವಿಗೆ ಮುಟ್ಟಿರಲಿಲ್ಲ. ಹೋದ. ಎಲೆಯ ಮುಂದೆ ಕೂತೂ ಊಟ ಮಾಡಲಿಲ್ಲ. ಫೋಟೋದವನು ನಗಿ ನಗಿ ಎಂದು ಗೋಗರೆದರೂ ನಗಲಿಲ್ಲ. ಅಣ್ಣ ಬಂದು ಹೆಗಲ ಮೇಲೆ ಕೈಹಾಕಿ, ಹಳೆಯ ತಮಾಷೆಯೊಂದನ್ನು ಎತ್ತಿದರೆ, ಇವನು ಬಾಯಿಗೆ ಕೈ ಅಡ್ಡ ಇಟ್ಟು ಮುಖ ತಿರುಗಿಸಿದ. ನನ್ನ ಮಗಳ ಮದುವೆಗೆ ಬಂದು ನಾತ ಬಡಿದವನ ಹಾಗೆ ಕೂತಿದ್ದ ಎಂದು ಅಣ್ಣ ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಹೋಗಿಬರುವುದು ನಿಂತಿತು.

"ಹೋಗಿ ಹೇಳ್ಬಿಡ್ರೀ, ಹಲ್ಲಿಲ್ಲ ಅಂತ. ಅದೇನು ಕೊಲೆಯಾ?" ಎಂದು ಅವಳು ರೇಗಿದ್ದಳು.

"ಅವನು ನನಗಿಂತ ದೊಡ್ಡವನು ಕಣೇ. ಅವನ ಹಲ್ಲು ಒಂದೂ ಅಲ್ಲಾಡಿಲ್ಲ. ನಾನು ಬೊಚ್ಚುಬಾಯಿ ಬಿಟ್ಕೊಂಡು ಅವನೆದುರು ನಿಂತ್ಕೊಳ್ಲಾ? ಗಟ್ಟಿ ಹಲ್ಲು ಕೂರಿಸ್ಕೊಂಡು ಹೋಗಿ ಎದುರಿಗೇ ನಕ್ಕು ತೋರಿಸ್ತೀನಿ, ಆಗ ತಾನೇ ಗೊತ್ತಾಗತ್ತೆ. ಅಲ್ಲೀತನಕ ನೀನು ಬಾಯಿ ಬಿಡಬಾರದು. ಮಾತು ಕೊಡು."

ಕೊಟ್ಟಿದ್ದಳು. ಬುದ್ಧಿಯಿಲ್ಲದೆ ಕೊಟ್ಟಿದ್ದಳು.

ಗಟ್ಟಿ ಹಲ್ಲೆಂದರೆ ಅಂಗಡಿಯಿಂದ ತರುವ ಗುಂಡಿಯಲ್ಲ. ದವಡೆಯ ಎಲುಬಿಗೆ ಲೋಹದ ಸ್ಕ್ರೂ ಕೂರಿಸಿದರು. ಎಲುಬು ಅದನ್ನು ಹಿಡಿದುಕೊಳ್ಳಲಿ ಎಂದು ತಿಂಗಳುಗಟ್ಟಲೆ ಕಾಯಿಸಿದರು. ಅವನು ಗಂಜಿ ಕುಡಿದು, ಗೊಣಗದೆ ಕಾದ. ಹಲ್ಲು ಕಚ್ಚಿ ಸಹಿಸಿದ ಎನ್ನೋಣವೆಂದರೆ ಕಚ್ಚಲು ಹಲ್ಲೆಲ್ಲಿತ್ತು! ಸ್ಕ್ರೂಗಳ ಮೇಲೆ ಸಣ್ಣ ಮೊಳೆಗಳು ನಿಂತವು. ಕಡೆಗೆ ಹಲ್ಲು ಬಂದಿದೆ ಬನ್ನಿ ಎಂದು ಕ್ಲಿನಿಕ್ಕಿನಿಂದ ಫೋನೂ ಬಂತು. ಹೋದವನು ಬರಿಬಾಯಲ್ಲೇ ತಿರುಗಿ ಬಂದ.

"ಏನಾಯ್ತು?"

"ಸರಿಯಿಲ್ಲ. ವಾಪಸ್ ಕಳಿಸ್ದೆ."

ಮತ್ತೆ ಕರೆದರು, ಮತ್ತೆ ಹೋದ, ಮತ್ತೆ ಬರಿಬಾಯಿ. "ಏನ್ರೀ ಸರಿಯಿಲ್ಲ ಅದರಲ್ಲಿ?" ಎಂದು ಕೇಳಿದರೆ, "ನಿನಗೆ ಗೊತ್ತಾಗಲ್ಲ ಬಿಡು," ಎಂದ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಈ ಮಹಾನುಭಾವನಿಗೆ ಎರಡೂ ಇದ್ದವು, ಬಾಯಿಗೆ ಹಾಕಿಕೊಳ್ಳಲು ಮನಸ್ಸಿರಲಿಲ್ಲ.

"ಟ್ರಯಲ್‌ಗೆ ಬಂದು ಕ್ಯಾತೆ ತೆಗಿಯೋ ಗಿರಾಕಿಗಳನ್ನ ಬೈತೀರಲ್ಲ, ನೀವೇನು ಕಡಿಮೆ?" ಎಂದು ಹಿಂದಿನ ದಿನವಷ್ಟೇ ಅವಳು ಕೂಗಾಡಿದ್ದಳು. ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಿಷನ್ ತುಳಿಯುತ್ತಲೇ ಇದ್ದ.

*

ಮಿಷನ್ನಿನ ಡ್ರಾಯರಿನಲ್ಲಿದ್ದ ಅವನ ಫೋನು ರಿಂಗಾಯಿತು. ಅವಳೇ ತೆಗೆದಳು.

"ಕ್ಲಿನಿಕ್ಕಿಂದ ಮಾತಾಡ್ತಿರೋದು. ಹಲ್ಲು ಲ್ಯಾಬಿಂದ ಮತ್ತೆ ಬಂದಿದೆ. ಇವತ್ತು ಬಂದು ಫಿಟ್ ಮಾಡಿಸ್ಕೊಂಡು ಹೋಗೋಕೆ ಹೇಳ್ತೀರಾ?"

ಅವಳು ಒಂದು ಕ್ಷಣ ಟೇಬಲ್ಲಿನ ಕಡೆ ನೋಡಿದಳು. "ಬಂದೆ," ಎಂದು ಫೋನಿಟ್ಟಳು. ಅಂಗಡಿಯ ಕಾಜಾ-ಗುಂಡಿ ಕೆಲಸದವನನ್ನು ಕರೆದು, "ನಾನು ಬರೋತನಕ ಇಲ್ಲೇ ನಿಂತ್ಕೊಳಪ್ಪ. ಈ ಬಟ್ಟೆ ಯಾರೂ ಮುಟ್ಟಬಾರದು, ನಮ್ಮ ಭಾವನೂ ಅಷ್ಟೇ," ಎಂದು ಹೇಳಿ ಚಪ್ಪಲಿ ಮೆಟ್ಟಿದಳು.

"ಗಂಡನ ಹೆಣ ಬಿಟ್ಟು ಎಲ್ಲಿಗಮ್ಮ?" ಭಾವ ಅಡ್ಡ ಬಂದರು.

"ಹಲ್ಲಿನ ಡಾಕ್ಟ್ರ ಹತ್ರ."

ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದುಃಖ ತಲೆಗೇರಿದೆ, ಪಾಪ," ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು. ಕೇಳಲಿ ಎಂದೇ ಪಿಸುಗುಟ್ಟಿದ್ದಳು.

ಕ್ಲಿನಿಕ್ಕು ಎರಡು ಬೀದಿಯಾಚೆ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಪೇಷೆಂಟ್ ಎಲ್ಲಿ?"

"ಮನೇಲಿ ಮಲಗಿದ್ದಾರೆ. ಹಲ್ಲು ಕೊಡಿ, ತಗೊಂಡು ಹೋಗ್ತೀನಿ."

"ಹಾಗೆಲ್ಲ ಕೈಗೆ ಕೊಡೋ ಹಾಗಿಲ್ಲ ಮೇಡಂ. ಫಿಟಿಂಗ್‌ಗೆ ಅವರೇ ಬರಬೇಕು."

"ಅವರು ಬರೋಕಾಗಲ್ಲ."

"ಹಾಗಾದ್ರೆ ನಾಳೆ? ನಾಳೆ ಸಂಜೆ ಖಾಲಿ ಇದೆ."

"ನಾಳೆನೂ ಬರಲ್ಲ."

"ಮುಂದಿನ ವಾರ ಹಾಕ್ಲಾ?"

"ಬೇಕಾದ್ರೆ ಈಗ್ಲೇ ಬರ್ತಾರಮ್ಮ. ನಾಲ್ಕು ಜನ ಹೊತ್ಕೊಂಡು ಬರ್ತಾರೆ. ಕರೆಸ್ಲಾ? ಆ ಸೋಫಾದ ಮೇಲೆ ಮಲಗಿಸ್ತೀನಿ, ನೀವೇ ಫಿಟ್ ಮಾಡ್ಕೊಡಿ!"

ಸೋಫಾದ ಮೇಲೆ ಕೂತಿದ್ದವರು ಕೆನ್ನೆ ಹಿಡಿದುಕೊಂಡೇ ಎದ್ದು ನಿಂತರು. ಹುಡುಗಿ ಈಗ ತಲೆ ಎತ್ತಿ ಅವಳ ಕೆದರಿದ ಕೂದಲು, ಊದಿದ ಕಣ್ಣು ನೋಡಿದಳು. ಎದ್ದು ಒಳಗೆ ಓಡಿದಳು.

ಡಾಕ್ಟರು ಕೈಗವಸು ಕಳಚುತ್ತ ಹೊರಗೆ ಬಂದರು. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿಯಿತ್ತು. ಅದನ್ನೇ ತಿರುಗಿಸುತ್ತ ನಿಂತರು.

"ಅಂಥ ಪೇಷೆಂಟ್‌ನ ನಾನು ನೋಡಿಲ್ಲಮ್ಮ. ಎಲ್ಲರೂ ಬಂದು ಸಿನಿಮಾದವರ ಹಾಗೆ ಹಲ್ಲು ಬೇಕು ಅಂತಾರೆ. ಇವರು ಮುಂದಿನ ಹಲ್ಲಿನ ತುದಿಗೊಂದು ಕಚ್ಚು ಇಡಿ ಅಂತ ಕೂತ್ರು. ದಾರ ಕಡಿದು ಕಡಿದು ಬೀಳತ್ತಲ್ಲ, ಅಂಥ ಕಚ್ಚು. ಇದರಲ್ಲಿ ದಾರ ಕಡಿಯೋ ಹಾಗಿಲ್ಲ, ಮುರಿಯತ್ತೆ ಅಂದೆ. ಕಡಿಯಲ್ಲ ಡಾಕ್ಟ್ರೇ, ಆದ್ರೆ ಅದಿಲ್ದೆ ನಕ್ರೆ ಬೇರೆ ಯಾರೋ ನಕ್ಕ ಹಾಗಿರತ್ತೆ ಅಂದ್ರು. ಲ್ಯಾಬಿನವರು ಮೊದಲು ಎಡಗಡೆ ಹಲ್ಲಿಗೆ ಇಟ್ರು. ಆಮೇಲೆ ಬಲಗಡೆಗೆ ಇಟ್ರು, ಆದ್ರೆ ತುಂಬಾ ಅಗಲ ಆಯ್ತು. ಬಟನ್ ಹೋಲ್ ಮಾಡಿದ್ದಾರೆ ಅಂತ ಬೈದು ವಾಪಸ್ ಕಳಿಸಿದ್ರು. ಇದು ಸರಿಯಾಗಿದೆ ಅನ್ಸತ್ತೆ."

ಅವಳು ಡಬ್ಬಿ ತೆರೆದಳು. ನಾಲ್ಕು ಹಲ್ಲು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಬಲಗಡೆಯದರ ತುದಿಯಲ್ಲಿ ಉಗುರು ತಾಗುವಷ್ಟು ಸಣ್ಣ ಕಚ್ಚು. ಮದುವೆಯಾದ ಹೊಸದರಲ್ಲಿ ಅವನು ನಕ್ಕರೆ ಅವಳಿಗೆ ಮೊದಲು ಕಾಣುತ್ತಿದ್ದದ್ದೇ ಅದು. ಇಲಿ ಕಡಿದಿದೆಯಾ ಎಂದು ಛೇಡಿಸಿದ್ದಳು. ಹಲ್ಲು ಹೋದ ಮೇಲೆ ಅವಳು ಹಲ್ಲುಗಳ ಚಿಂತೆ ಮಾಡಿದ್ದಳೇ ಹೊರತು ಆ ಕಚ್ಚು ಅವಳ ನೆನಪಿಗೇ ಬಂದಿರಲಿಲ್ಲ. ಅಳು ಒತ್ತರಿಸಿ ಬಂತು, ಅದರ ಹಿಂದೆಯೇ ಸಿಟ್ಟು. ಇಷ್ಟನ್ನು ಬಾಯಿಬಿಟ್ಟು ಹೇಳಲು ಏನು ದಾಡಿಯಾಗಿತ್ತು ಈ ಮನುಷ್ಯನಿಗೆ? ಹೇಳಿದ್ದರೆ ತಾನು ಬೈಯುತ್ತಲೇ ಇರಲಿಲ್ಲ. ಇಲ್ಲ, ಬೈಯುತ್ತಿದ್ದಳು. ಖಂಡಿತ ಬೈಯುತ್ತಿದ್ದಳು, ಆದರೆ ನಗುತ್ತ ಬೈಯುತ್ತಿದ್ದಳು.

"ಇದನ್ನ ನಾನು ಕೂರಿಸಬಹುದಾ?" ಎಂದು ಕೇಳಿದಳು.

"ಮೊಳೆಗಳ ಮೇಲೆ ಇಟ್ಟು ಒತ್ತಿದ್ರೆ ಕೂತ್ಕೊಳತ್ತೆ. ಅಂಟು ಹಾಕೋದು ಅಗಿಯೋವಾಗ ಅಲ್ಲಾಡದೆ ಇರಲಿ ಅಂತ. ಇನ್ನು ಅವರು..." ಡಾಕ್ಟರು ಮಾತನ್ನು ಅಲ್ಲಿಗೇ ನುಂಗಿಕೊಂಡು, "ನಾನೇ ಬರ್ಲಾಮ್ಮ?" ಎಂದರು.

"ಬೇಡ. ಇಷ್ಟು ದಿನ ಯಾರಿಗೂ ತೋರಿಸದ ಬಾಯಿ," ಎಂದು ಅವಳು ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು.

*

ವ್ಯಾನು ಬಂದು ನಿಂತಿತ್ತು. ಸ್ಟ್ರೆಚರು ಬಾಗಿಲಲ್ಲಿತ್ತು. ಕಾಜಾ-ಗುಂಡಿಯವನು ಟೇಬಲ್ಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಭಾವನನ್ನು ತಡೆಯುತ್ತಿದ್ದ.

"ನನ್ನ ತಮ್ಮನ ಮುಖ ನೋಡೋಕೆ ಇವನ ಪರ್ಮಿಷನ್ ಬೇಕಾ? ಹೊತ್ತಾಯ್ತು, ಎತ್ರಪ್ಪ!" ಎಂದು ಭಾವ ಕೂಗುತ್ತಿದ್ದರು.

"ಒಂದು ನಿಮಿಷ. ಎಲ್ರೂ ಆ ಕಡೆ ತಿರುಗಿ," ಎಂದಳು ಅವಳು. ಯಾರೂ ತಿರುಗಲಿಲ್ಲ. "ತಿರುಗಿ ಅಂದೆ!" ಎಂದು ಕಿರುಚಿದಾಗ ವ್ಯಾನಿನವನೂ ಸೇರಿ ಎಲ್ಲರೂ ಗೋಡೆಯ ಕಡೆ ತಿರುಗಿದರು.

ಬಟ್ಟೆಯೊಳಗೆ ಕೈ ತೂರಿಸಿದಳು. ತುಟಿ ತಣ್ಣಗಿತ್ತು. ಬೆರಳಿಗೆ ಮೊಳೆಗಳು ಸಿಕ್ಕವು. ಹಲ್ಲನ್ನು ಅವುಗಳ ಮೇಲಿಟ್ಟು ಒತ್ತಿದಳು, ಓರೆಯಾಯಿತು. ತೆಗೆದು ಮತ್ತೆ ಇಟ್ಟಳು. ಅಳತೆ ಸರಿಯಾಗಿತ್ತು. ಇನ್ನೊಮ್ಮೆ ಒತ್ತಿದಾಗ ಗಟ್ಟಿಯಾಗಿ ಕೂತಿತು. ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. ಬಾಯಿ ಹಾಗೇ ತೆರೆದಿತ್ತು, ಆದರೆ ಈಗ ಅದು ಏನೋ ಹೇಳಿ ನಗುತ್ತಿರುವವನ ಬಾಯಿಯಾಗಿತ್ತು.

"ನೋಡಿ ಭಾವ. ಹಲ್ಲಿರಲಿಲ್ಲ ಅವರಿಗೆ. ನಿಮ್ಮ ಮಗಳ ಮದುವೆ ದಿನ ಮುಂದಿನ ಒಂದು ಹಲ್ಲೂ ಇರಲಿಲ್ಲ, ಅದಕ್ಕೇ ಬಾಯಿ ಮುಚ್ಕೊಂಡು ಕೂತಿದ್ರು. ಹಲ್ಲು ಬಂದ ಮೇಲೆ ನಿಮ್ಮೆದುರಿಗೇ ನಕ್ಕು ತೋರಿಸ್ತೀನಿ, ಅಲ್ಲೀತನಕ ಹೇಳ್ಬೇಡ ಅಂದಿದ್ರು. ಬಂತು. ನೋಡ್ಕೊಳಿ."

ಭಾವ ಬಗ್ಗಿದರು. ಹೊಲಿಗೆ ಪರೀಕ್ಷಿಸುವವರ ಹಾಗೆ ಹೆಬ್ಬೆರಳಿನಿಂದ ಆ ಹಲ್ಲಿನ ತುದಿಯನ್ನು ಮುಟ್ಟಿದರು. ಬೆರಳು ಕಚ್ಚಿನಲ್ಲಿ ನಿಂತಿತು.

"ಇದನ್ನೂ ಇಡಿಸಿದ್ನಾ?" ಎಂದರು. "ಇಬ್ಬರಿಗೂ ಸೇರಿ ಒಂದೇ ಕತ್ತರಿ ಇತ್ತಮ್ಮ ನಮ್ಮಪ್ಪನ ಅಂಗಡೀಲಿ, ಅದನ್ನೂ ಅವರೇ ಇಟ್ಕೊಂಡಿರ್ತಿದ್ರು. ನಾವಿಬ್ರೂ ಎದುರುಬದುರು ಕೂತ್ಕೊಂಡು ಬಾಯಲ್ಲೇ ದಾರ... ಥೂ ಕತ್ತೆ, ಹೇಳೋಕೇನಾಗಿತ್ತೋ ನಿನಗೆ? ನನ್ನ ಹತ್ರ ಹೇಳೋಕೇನಾಗಿತ್ತೋ?"

ವ್ಯಾನಿನವನು ಹೊರಗೆ ಹೋಗಿ ಹಾರ್ನ್ ಬಾರಿಸಿದ. ಈಗಷ್ಟೇ ಹೊತ್ತಾಯಿತು ಎಂದು ಕೂಗಿದ್ದ ಭಾವ ಕಾಲಿನಿಂದ ಸ್ಟೂಲು ಎಳೆದುಕೊಂಡು ತಮ್ಮನ ಎದುರಿಗೆ ಕೂತುಬಿಟ್ಟರು. ದನಿಯೇ ಹೊರಡದಂಥ ಅಳು ಬಂದು ಅವರ ಬಾಯಿ ತೆರೆಯಿತು, ತೆರೆದಂತೆಯೇ ನಿಂತಿತು. ಅವಳು ಹತ್ತಿರದಿಂದ ನೋಡಿದಳು: ಮೇಲಿನ ಸಾಲಿನಲ್ಲಿ ಬಲಗಡೆಯ ಅದೇ ಹಲ್ಲು, ಅದರ ತುದಿಯಲ್ಲಿ ಅದೇ ಕಚ್ಚು. ಟೇಬಲ್ಲಿನ ಮೇಲೊಂದು, ಅದರ ಮೇಲೆ ಬಗ್ಗಿದ್ದು ಇನ್ನೊಂದು, ಎರಡು ತೆರೆದ ಬಾಯಿ ಎದುರುಬದುರಾಗಿದ್ದವು.