ಗೋಲ್ ಕಂಬದ ಹಿಂದಿನ ಮಣ್ಣು

"ಕಣ್ಣ ಕುಂಡೀಲಿ ಮಡಿಕಂಡು ಕೂತಿದ್ದೀರೇನ್ರೇ, ಮುಂಡೇರಾ? ಇದೇನು? ಇದೇನಂತ ಕೇಳ್ತಾವ್ನಿ!"

ಅನಂತರಾಜು ಬೂಟಿನ ತುದಿಯಿಂದ ಹುಲ್ಲಿನ ಗುಪ್ಪೆಯೊಂದನ್ನು ತಿವಿದ. ಮೈದಾನದ ನಡುವೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಆರು ಹೆಂಗಸರು ಕುಡುಗೋಲು ನಿಲ್ಲಿಸಿ ತಲೆಯೆತ್ತಿದರು. ಬೂಟು ನಿಂತಿದ್ದದ್ದು ಮಾರಮ್ಮನ ಸಾಲಿನಲ್ಲಿ.

"ಗರಿಕೆ, ಬುದ್ದಿ."

"ಗರಿಕೆ ಅಂತ ನಂಗೂ ಗೊತ್ತು. ಕೀಳ್ದಲೆ ಯಾಕ್ ಬುಟ್ಟೆ?"

"ಮೈದಾನಕ್ಕೆಲ್ಲಾ ಹಾಕಿರಾದೂ ಗರಿಕೆನೇ ಅಲ್ವಾ ಬುದ್ದಿ? ಅದೂ ಗರಿಕೆ, ಇದೂ ಗರಿಕೆ. ಯಾವುದ ಕೀಳಾದು, ಯಾವುದ ಬುಡಾದು?"

"ಅದು ಫಾರಿನ್ ಗರಿಕೆ ಕಣಮ್ಮಿ, ಇಮಾನದಲ್ಲಿ ಬಂದಿರಾದು. ಇದು ನಿಮ್ಮ ಕೇರಿ ಎಮ್ಮೆ ಮೇದು ಹೇತಿರೋ ಗರಿಕೆ. ಅದ್ರೊಳಕ್ಕೆ ಇದು ಸೇರ್ಕಂಡ್ರೆ ಎಲ್ಲಾ ಕೆಟ್ಟೋಯ್ತದೆ. ಈಸು ದಿನದಿಂದ ಬಡ್ಕತಾವ್ನಿ, ತಲೇಲಿ ಸಗಣಿ ತುಂಬ್ಕಂಡು ಕೂತವೆ."

ಅವನು ಅತ್ತ ಹೋದ ಮೇಲೆ ಪಕ್ಕದ ಸಾಲಿನ ವೆಂಕಟಲಕ್ಷ್ಮಮ್ಮ ಮಾಸ್ಕಿನೊಳಗಿಂದಲೇ, "ಗಣಪತಿಗೆ ಯಾವ್ದು ಇಕ್ಬೇಕು ಅಂತ ಒಸಿ ಕೇಳ್ಬೇಕಿತ್ತು ಕಣೇ. ಇಮಾನದ್ದೋ, ಎಮ್ಮೇದೋ?" ಎಂದಳು. ಆರು ಬೆನ್ನುಗಳೂ ಕುಲುಕಿದವು. ಮಾರಮ್ಮನೂ ನಕ್ಕಳು. ನಕ್ಕು, ಎಸಳುಗಳನ್ನು ಬೆರಳಲ್ಲಿ ಹಿಡಿದು ದಪ್ಪ ನೋಡಿ, ತನ್ನೂರಿನ ಗರಿಕೆಯನ್ನು ಬೇರುಸಮೇತ ಕೀಳತೊಡಗಿದಳು.

ಉಯ್ಯಂಬಳ್ಳಿ ಕಡೆಯ ತಾರೆಕೊಪ್ಪಲಿಗೆ ಇದು ಗೋಮಾಳವಾಗಿತ್ತು. ದೊಡ್ಡಆಲಹಳ್ಳಿಯ ಬೈರಪ್ಪ ಮುಂದೆ ನಿಂತು ಅದನ್ನು ಯಾವುದೋ ಫುಟ್‌ಬಾಲ್ ಕಂಪನಿಗೆ ಮಾಡಿಸಿಕೊಟ್ಟ. ಕಂಪನಿ ಅವನ ಮಗ ಅನಂತರಾಜುವನ್ನು ಆಳುಗಳ ಮೇಸ್ತ್ರಿ ಮಾಡಿತು. ಪೂರ್ವದ ಗೋಲ್ ಕಂಬದ ಹಿಂದೆ ಕೇರಿಯವರ ಸುಡುಗಾಡು ಮಾತ್ರ ಹಾಗೆಯೇ ಉಳಿದುಕೊಂಡಿತು. ಹೆಣ ಹೂತ ನೆಲ ಯಾರಿಗೂ ಬೇಡವಾಗಿತ್ತು. ನಡುವೆ ಕಲ್ಲುಕಂಬ ನೆಟ್ಟು ನಾಲ್ಕು ಎಳೆ ಮುಳ್ಳುತಂತಿ ಎಳೆದರು. ಈಗ ಟಿವಿಯವರು ಬಂದ ಮೇಲೆ ಆ ತಂತಿಗೆ ಉದ್ದಕ್ಕೂ ಹಸಿರು ಬಟ್ಟೆಯ ಪರದೆ ಬಿಗಿದಿದ್ದರು. ಗೋಲು ತೋರಿಸುವಾಗ ಗೋರಿ ಕಾಣಬಾರದು.

ಕಾಯಿಲೆ ಬಂದು ನಿಂತುಹೋಗಿದ್ದ ಆಟವನ್ನು ಮತ್ತೆ ಶುರು ಮಾಡುತ್ತಿದ್ದರು. ಆಡುವವರು ಇರಬೇಕು, ನೋಡುವವರು ಇರಬಾರದು. ಆಟಗಾರರಿಂದ ಹಿಡಿದು ಹುಲ್ಲು ಕೀಳುವವರವರೆಗೆ ಒಳಗೆ ಬಂದವರು ಇಪ್ಪತ್ತೆಂಟು ದಿನ ಒಳಗೇ ಇರಬೇಕು. ಇದಕ್ಕೆ ಬಬಲ್ ಅನ್ನುತ್ತಾರೆಂದು ಅನಂತರಾಜು ಹೇಳಿದ್ದ. ಆಟಗಾರರಿಗೆ ರೆಸಾರ್ಟು, ಹೆಂಗಸರಿಗೆ ಪಂಪ್‌ಹೌಸಿನ ಹಿಂದೆ ತಗಡಿನ ಶೆಡ್ಡು. ಮೂರು ದಿನಕ್ಕೊಮ್ಮೆ ಎಲ್ಲರ ಮೂಗಿಗೂ ಅದೇ ಪರೀಕ್ಷೆಯ ಕಡ್ಡಿ.

ಕಳೆ ಕೀಳುವುದು ಮುಗಿದ ಮೇಲೆ ಕುರ್ಚಿ ಒರೆಸುವ ಕೆಲಸ. ಕುರ್ಚಿಗಳ ಮೇಲೆ ರಟ್ಟಿನ ಜನರನ್ನು ಕೂರಿಸಿದ್ದರು. ಬೆಂಗಳೂರಿನವರು ತಮ್ಮ ತಮ್ಮ ಫೋಟೊ ಕಳಿಸಿದ್ದರಂತೆ, ಖುದ್ದು ಬರಲಾಗದ್ದಕ್ಕೆ. ಒಬ್ಬಳು ಮಗು ಎತ್ತಿಕೊಂಡಿದ್ದಳು, ಒಬ್ಬ ಬಾಯಿ ತೆರೆದು ಕೂಗುತ್ತಿದ್ದ. ಮೂರನೇ ಸಾಲಿನಲ್ಲಿ ಒಂದು ನಾಯಿ ಇತ್ತು. ಮಾರಮ್ಮ ಒದ್ದೆ ಬಟ್ಟೆಯಿಂದ ಅದರ ಮುಖವನ್ನೂ ಒರೆಸಿದಳು.

ಒಳಗೆ ಬಂದ ಹನ್ನೊಂದನೇ ದಿನ ಮಧ್ಯಾಹ್ನ ಮಗಳು ಮಮತಾ ಫೋನ್ ಮಾಡಿದಳು.

"ಅವ್ವಾ, ಅಪ್ಪ ಹೋಗ್ಬುಡ್ತು."

ಗಂಡ ಮುನಿಶಾಮಯ್ಯನಿಗೆ ಕೆಮ್ಮು ಎಂದಷ್ಟೇ ಅವಳಿಗೆ ಗೊತ್ತಿತ್ತು. ಕನಕಪುರದಲ್ಲಿ ಎರಡು ಆಸ್ಪತ್ರೆ ಸುತ್ತಿದರಂತೆ, ಹಾಸಿಗೆ ಇಲ್ಲ ಅಂದರಂತೆ. ರಾಮನಗರಕ್ಕೆ ಕರೆದೊಯ್ಯುವಾಗ ಆಟೋದಲ್ಲೇ ಮಗಳ ತೊಡೆಯ ಮೇಲೆ ತಲೆ ಒರಗಿತಂತೆ.

ಮಾರಮ್ಮ ಗೇಟಿನತ್ತ ಓಡಿದಳು. ಅನಂತರಾಜು ಕೈ ಅಡ್ಡ ಹಿಡಿದು ನಿಂತ.

"ಕೇಳಿಲ್ಲಿ ಮಾರಮ್ಮಿ. ಸತ್ತಿರಾದು ಅದೇ ಕಾಯಿಲೇಲಿ. ನೀನು ಹೋಗಿ ಬಂದ್ರೆ ಬಬಲ್ ಒಡದೋಯ್ತದೆ. ಹೋಗೋಳಾದ್ರೆ ಆರೂ ಜನ ಗಂಟು ಕಟ್ಕಂಡು ಹೋಗಿ. ನಾಳೆನೇ ಬೇರೆ ಆಳು ಇಳಿಸ್ತೀನಿ."

ಮಾರಮ್ಮ ಹಿಂದಿರುಗಿ ನೋಡಿದಳು. ಉಳಿದ ಐವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಲಾಕ್‌ಡೌನಾಗಿ ಎರಡು ತಿಂಗಳು ಯಾರ ಹೊಲದಲ್ಲೂ ಕೂಲಿ ಹುಟ್ಟಿರಲಿಲ್ಲ. ವೆಂಕಟಲಕ್ಷ್ಮಮ್ಮನ ಮನೆಯಲ್ಲಿ ಉಣ್ಣುವ ಬಾಯಿ ಏಳು.

"ಮಣ್ಣಿಗೆ ನಿಮ್ಮೋರಲ್ಲಿ ಹೆಂಗಸ್ರು ಹೋಗಲ್ವಲ್ಲ," ಅನಂತರಾಜು ದನಿ ತಗ್ಗಿಸಿದ. "ಮೂರನೇ ದಿನ ಹಾಲು-ತುಪ್ಪಕ್ಕೆ ನಾನೇ ಬುಡ್ತೀನಿ. ಒಂದ್ ಗಳಿಗೆ ಹೋಗಿ ಬುಟ್ಟು ಬಂದ್ಬುಡು. ನಮ್ಮಪ್ಪನಾಣೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೊರುವುದು, ಹೂಳುವುದು ಗಂಡಸರದು. ಮೂರನೇ ದಿನದ ಹಾಲು ಮಾತ್ರ ಹೆಂಡತಿಯದು. ಮಾರಮ್ಮನ ಗಂಡನ ಒಕ್ಕಲಲ್ಲಿ ಕೈಹಿಡಿದವಳು ಮೊದಲ ಹಾಲು ಬಿಡದೆ ಉಳಿದವರು ಚೊಂಬು ಮುಟ್ಟುವಂತಿಲ್ಲ. ಅಂದು ಹೊತ್ತು ಮುಳುಗುವುದರೊಳಗೆ ಆ ಹಾಲು ಬೀಳದಿದ್ದರೆ ಸತ್ತವನು ನಾಲಿಗೆ ಒಣಗಿಸಿಕೊಂಡು ಊರ ಬಾಗಿಲಲ್ಲೇ ನಿಲ್ಲುತ್ತಾನೆ. ಅತ್ತೆ ಹೇಳಿಕೊಟ್ಟಿದ್ದ ಮಾತು. ಮಾರಮ್ಮ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

ಸಂಜೆ ಪರದೆಗೂ ಕಲ್ಲುಕಂಬಕ್ಕೂ ನಡುವಿನ ಸಂದಿಯಲ್ಲಿ ಕಣ್ಣಿಟ್ಟು ಗಂಡನ ಮಣ್ಣನ್ನು ನೋಡಿದಳು. ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟ ನಾಲ್ವರು ಹಗ್ಗ ಹಿಡಿದು ಇಳಿಸುತ್ತಿದ್ದರು. ಅದರಲ್ಲಿ ಮೈದುನ ತಿಮ್ಮಯ್ಯ ಯಾರು, ಬೇರೆಯವರು ಯಾರು ಎಂದು ಗುರುತಾಗಲಿಲ್ಲ. ಮಮತಾ ದೂರದ ಹುಣಸೆಮರದ ಕೆಳಗೆ ಒಬ್ಬಳೇ ನಿಂತಿದ್ದಳು. ತಮಟೆಯಿಲ್ಲ, ಹೂವಿಲ್ಲ.

ಹೆಣ ಇನ್ನೂ ಅರ್ಧ ಗುಣಿಯಲ್ಲಿರುವಾಗ ಮೈದಾನದ ನಾಲ್ಕೂ ಮೂಲೆಯಿಂದ ಸಾವಿರಾರು ಜನ ಒಮ್ಮೆಲೇ ಹೋ ಎಂದು ಕೂಗಿದರು. ಕೇಕೆ, ಶಿಳ್ಳೆ, ಚಪ್ಪಾಳೆ. ಖಾಲಿ ಮೈದಾನ ಖಾಲಿ ಅನ್ನಿಸಬಾರದೆಂದು ಆಟದ ಹೊತ್ತಿನಲ್ಲಿ ಹಾಕುವ ಸದ್ದನ್ನು ಸ್ಪೀಕರ್ ಪೆಟ್ಟಿಗೆಯವರು ಪರೀಕ್ಷೆ ಮಾಡುತ್ತಿದ್ದರು. ಬಿಳಿ ಅಂಗಿಯವರು ಬೆಚ್ಚಿ ತಿರುಗಿದರು. ಒಬ್ಬನ ಕೈಯಿಂದ ಹಗ್ಗ ಜಾರಿತು. ಮುನಿಶಾಮಯ್ಯ ಕಾಲ ಕಡೆಯಿಂದ ದೊಪ್ಪನೆ ಕೆಳಗೆ ಬಿದ್ದ.

ಮಾರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೂಗು ನಿಂತು, ಮತ್ತೆ ಶುರುವಾಯಿತು.

ಮೂರನೇ ದಿನ ಬೆಳಗ್ಗೆ ನಲ್ಲಿಯ ಕೆಳಗೆ ಕೂತು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅನಂತರಾಜುವಿನ ಮುಂದೆ ಹೋಗಿ ನಿಂತಳು.

"ಇವತ್ತೇ ಮ್ಯಾಚು ಕಣಮ್ಮಿ. ಎಲ್ಲಿಗೋಯ್ತೀಯ?"

"ನೀವೇ ಬುಡ್ತೀನಿ ಅಂದಿದ್ರಿ ಬುದ್ದಿ. ನಿಮ್ಮಪ್ಪಾರ ಮೇಲೆ ಆಣೆ ಇಟ್ಟಿದ್ರಿ."

"ಇಟ್ಟಿದ್ದೆ. ಈಗ ಡಾಕ್ಟ್ರು ಬ್ಯಾಡ ಅಂತಾವ್ರೆ, ಏನ್ ಮಾಡನ? ಆಟ ಮುಗೀಲಿ, ನಾಳೆ ನೋಡನ. ಸತ್ತೋನು ಎಲ್ಲೋಯ್ತಾನೆ? ಮಲಗವ್ನೆ, ಅಲ್ಲೇ ಇರ್ತಾನೆ."

ಅವಳು ಅವನ ಕಾಲಿಗೆ ಬೀಳಲು ಬಾಗಿದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ನೆಗೆದ.

"ದೂರ! ದೂರ ನಿಂತ್ಕಂಡು ಮಾತಾಡು! ಮುಟ್ಟಿಗಿಟ್ಟೀಯ!"

ಮೂಗಿಗೆ ಕಡ್ಡಿ ಹಾಕಿಸುವ ಡಾಕ್ಟರ ಹತ್ತಿರ ಹೋದಳು. ಅವನು ಚಿಕ್ಕ ಪ್ರಾಯದವನು, ಊರ ಕಡೆಯವರಂತೆ ಬೈಯುವವನಲ್ಲ. ಗಾಜಿನ ಆಚೆಯಿಂದಲೇ ಪೂರ್ತಿ ಕೇಳಿಸಿಕೊಂಡ.

"ನನಗೆ ಅರ್ಥ ಆಗುತ್ತೆ ಅಮ್ಮ. ನಿಮ್ಮ ಒಳ್ಳೆಯದಕ್ಕೇ ಈ ರೂಲ್ಸ್. ಒಂದು ಕೆಲಸ ಮಾಡೋಣ, ವಿಡಿಯೊ ಕಾಲ್ ಮಾಡಿಸ್ತೀನಿ. ನೀವು ಇಲ್ಲಿಂದಲೇ ನೋಡಬಹುದು."

"ನೋಡಾದಲ್ಲ ಸಾರ್, ಹಾಲು ಬುಡಾದು. ಫೋನಲ್ಲಿ ಹೆಂಗ್ ಬುಡ್ಲಿ?"

ಅಷ್ಟರಲ್ಲಿ ಡಾಕ್ಟರನ್ನು ಯಾರೋ ಕರೆದರು. ಎದ್ದು ಹೋದ.

ಮಧ್ಯಾಹ್ನ ಮೂರಕ್ಕೆ ಮಮತಾಳ ಫೋನು.

"ಅವ್ವಾ, ಬೆಳಗ್ಗಿಂದ ಕಾಯ್ತಾ ಇವ್ನಿ. ಒಂದ್ಸಲ ಹಾಲು ಒಡದೋಯ್ತು, ಮತ್ತೆ ಕಾಸ್ಕಂಡು ಬಂದಿವ್ನಿ. ಚಿಕ್ಕಪ್ಪ ನಾನೇ ಬುಟ್ಬುಡ್ಲಾ ಅಂತದೆ."

"ಬ್ಯಾಡ ಅನ್ನು. ಹೊತ್ತು ಮುಳುಗೋಗಂಟ ಚೊಂಬು ಯಾರೂ ಮುಟ್ಬ್ಯಾಡಿ. ಬತ್ತೀನಿ."

"ಹೆಂಗ್ ಬತ್ತೀಯವ್ವಾ?"

ಮಾರಮ್ಮ ಫೋನು ಕೆಳಗಿಟ್ಟಳು. ವೆಂಕಟಲಕ್ಷ್ಮಮ್ಮ ಶೆಡ್ಡಿನಾಚೆ ಎಲೆಅಡಿಕೆ ಉಗಿದು ಬಂದು ಅವಳ ಪಕ್ಕ ಕೂತಳು.

"ನಮ್ ಮುಖ ನೋಡ್ಕಂಡು ಕೂತಿದ್ದೀಯೇನೇ?"

"ಏಳು ಜನ ಅವರೆ ಕಣಕ್ಕ ನಿನ್ ಮನೇಲಿ."

"ಅವರೆ. ಅವ್ರೆಲ್ಲಾ ಬದುಕವ್ರೆ, ಗಂಜಿನೋ ಗಿಂಜಿನೋ ಕುಡ್ಕತಾರೆ. ನಿನ್ ಗಂಡಂಗೆ ಯಾರು ಕೊಟ್ಟಾರು?" ಎಂದಳು. ಅವಳ ಬಿಚ್ಚುಗೂದಲನ್ನು ಗಂಟು ಕಟ್ಟುತ್ತಾ, "ನಾವು ಐದೂ ಜನ ಮಾತಾಡ್ಕಂಡೀವಿ. ನಮ್ದು ನಾವ್ ನೋಡ್ಕತೀವಿ," ಎಂದಳು.

ಆಟ ಆರು ಗಂಟೆಗೆ. ಆಟದ ಬಿಡುವಿನಲ್ಲಿ ಬೂಟು ಕಿತ್ತ ಕಡೆ ಮರಳು ತುಂಬಲು ಹೆಂಗಸರನ್ನು ಪೂರ್ವದ ಗೋಲ್ ಕಂಬದ ಹಿಂದೆ, ಪರದೆಗೆ ಬೆನ್ನು ಮಾಡಿ ಕೂರಿಸಿದ್ದರು. ಒಬ್ಬೊಬ್ಬರ ಮುಂದೆ ಒಂದು ಬಕೆಟ್ಟು ಮರಳು, ಒಂದು ಕುಡುಗೋಲು. ಪಡುವಣದಲ್ಲಿ ಹೊತ್ತು ರಟ್ಟಿನ ಜನರ ತಲೆಯ ಮಟ್ಟಕ್ಕೆ ಇಳಿದಿತ್ತು.

ಎರಡೂ ಕಡೆಯ ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಡುವಿನ ವೃತ್ತದ ಸುತ್ತ ನಿಂತರು. ಮೈಕಿನಲ್ಲಿ ಒಬ್ಬ ಇಂಗ್ಲಿಷಿನಲ್ಲೂ, ಆಮೇಲೆ ಕನ್ನಡದಲ್ಲೂ ಹೇಳಿದ: ಈ ಮಹಾಮಾರಿಗೆ ಬಲಿಯಾದ ಎಲ್ಲ ನಮ್ಮ ಬಂಧುಗಳ ನೆನಪಿಗಾಗಿ ಒಂದು ನಿಮಿಷ ಮೌನ. ಶಿಳ್ಳೆ ಊದಿದರು. ಎಲ್ಲರೂ ತಲೆ ತಗ್ಗಿಸಿದರು. ಪೆಟ್ಟಿಗೆಯ ಕೂಗೂ ನಿಂತಿತು.

ಎಷ್ಟು ನಿಶ್ಶಬ್ದವಾಯಿತೆಂದರೆ, ಪರದೆಯ ಆಚೆ ಯಾರೋ ಕೆಮ್ಮಿದ್ದು ಕೇಳಿಸಿತು. ಚೊಂಬಿನ ಮೇಲಿನ ತಟ್ಟೆ ಸದ್ದು ಮಾಡಿತು. "ಚಿಕ್ಕಪ್ಪಾ, ಹೊತ್ತು ಹೋಯ್ತಾ ಐತೆ," ಎಂದ ಮಮತಾಳ ಪಿಸುಮಾತು ಕೇಳಿಸಿತು.

ಮಾರಮ್ಮ ಎದ್ದಳು. ಕುಡುಗೋಲಿನ ಮೊನೆಯನ್ನು ಪರದೆಗೆ ಚುಚ್ಚಿ ಕೆಳಕ್ಕೆ ಎಳೆದಳು. ಬಟ್ಟೆ ಹರಿಯುವ ಸದ್ದು ಮೈದಾನದ ಉದ್ದಕ್ಕೂ ಹೋಯಿತು.

ಅನಂತರಾಜು ನೋಡಿದ. ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮೌನ. ಟಿವಿ. ಬೂಟು ಸದ್ದಾಗದಂತೆ ತುದಿಗಾಲಲ್ಲಿ, ಕೈ ಬೀಸುತ್ತಾ, ಹಲ್ಲು ಕಚ್ಚಿ, ಗೆರೆಯ ಅಂಚಿನಲ್ಲೇ ಓಡಿ ಬರತೊಡಗಿದ. ಮಾರಮ್ಮ ಪರದೆಗೆ ಕಟ್ಟಿದ ಹುರಿಗಳನ್ನು ಒಂದೊಂದಾಗಿ ಕೊಯ್ದಳು. ರಾಗಿ ಕೊಯ್ಯುವ ಕೈ, ಅವಸರವಿರಲಿಲ್ಲ. ಎರಡು ಕಂಬದ ನಡುವಿನ ಬಟ್ಟೆ ಕುಸಿದು ಬಿತ್ತು. ಆಚೆ ಕೇರಿಯ ಹತ್ತು ಹನ್ನೆರಡು ಜನ ದೂರ ದೂರ ನಿಂತು, ಮಾಸ್ಕಿನ ಮೇಲಿನ ಕಣ್ಣುಗಳಿಂದ ಇತ್ತಲೇ ನೋಡುತ್ತಿದ್ದರು. ಅವರ ಹಿಂದೆ ಹೊಸ ಮಣ್ಣಿನ ಗುಡ್ಡೆಗಳು. ಕ್ಯಾಮೆರಾದವನು ಕ್ಯಾಮೆರಾ ತಿರುಗಿಸಲಿಲ್ಲ. ಅದು ಮೊದಲಿನಿಂದ ಇದೇ ಗೋಲಿನ ಕಡೆಗೆ ಮುಖ ಮಾಡಿತ್ತು.

ವೆಂಕಟಲಕ್ಷ್ಮಮ್ಮ ಎದ್ದು ಬಂದು ಕೆಳಗಿನ ತಂತಿಯನ್ನು ಕಾಲಲ್ಲಿ ಮೆಟ್ಟಿ, ಮೇಲಿನದನ್ನು ಕೈಯಲ್ಲಿ ಎತ್ತಿ ಹಿಡಿದಳು.

"ನುಗ್ಗೇ," ಎಂದಳು ಮೆಲ್ಲಗೆ.

ಮಾರಮ್ಮ ನುಗ್ಗಿದಳು. ಬೆನ್ನಿಗೆ ಮುಳ್ಳು ಗೀರಿತು, ಸೆರಗಿನ ಒಂದು ಚೂರು ತಂತಿಯಲ್ಲೇ ಉಳಿಯಿತು. ಅನಂತರಾಜು ತಂತಿಯ ಹತ್ತಿರ ಬಂದು ನಿಂತಾಗ ಅವಳು ಆಚೆ ನೆಟ್ಟಗೆ ನಿಂತಿದ್ದಳು.

ಶಿಳ್ಳೆ ಕೇಳಿಸಿತು. ನಿಮಿಷ ಮುಗಿದಿತ್ತು.

"ಲೌಡಿ ಮುಂಡೆ! ಇನ್ನೊಂದ್ಸಲ ಒಳಕ್ಕೆ ಕಾಲಿಕ್ಕು, ಕಾಲ್ ಮುರೀತೀನಿ! ನೀವೂ ಹೋಗ್ರೇ, ಹೋಗಿ ಅವನ ಗುಣೀಲೇ ಮಲಿಕ್ಕಳ್ರೇ!"

ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ತಂತಿ ದಾಟತೊಡಗಿದರು. ಅವನ ಬೆನ್ನ ಹಿಂದೆ ಆಟ ಶುರುವಾಗಲಿಲ್ಲ. ಚೆಂಡಿಗೆ ಕಾಲಿಟ್ಟು ನಿಂತವನು ಇತ್ತಲೇ ನೋಡುತ್ತಿದ್ದ.

ಮಮತಾ ಚೊಂಬು ತಂದಳು. ಮೂರು ದಿನದಲ್ಲಿ ಅವಳ ಮುಖ ಇಷ್ಟೇ ಆಗಿತ್ತು. ತಾಯಿ ಮಗಳು ತಬ್ಬಿಕೊಳ್ಳಲಿಲ್ಲ. ಮಗಳು ಚೊಂಬನ್ನು ನೆಲಕ್ಕಿಟ್ಟು ಹಿಂದೆ ಸರಿದಳು, ತಾಯಿ ಎತ್ತಿಕೊಂಡಳು. ಗುಡ್ಡೆಯ ತಲೆಯ ಕಡೆ ಮಂಡಿಯೂರಿ, ಒಂದು ಬೆರಳು ತುಪ್ಪ ಸವರಿ, ಗಂಡ ಬಾಯಿ ತೆರೆದಿರಬಹುದಾದ ಜಾಗ ನೋಡಿಕೊಂಡು ಹಾಲು ಬಗ್ಗಿಸಿದಳು. ಒಣಮಣ್ಣು ಗಟಗಟನೆ ಕುಡಿಯಿತು.

"ಕಾಲ ಕಡೆಯಿಂದ ಬೀಳಿಸ್ಬುಟ್ರು ಕಣವ್ವ," ಎಂದಳು ಮಮತಾ.

"ನೋಡ್ದೆ ಕಣವ್ವ."

ತಿಮ್ಮಯ್ಯ ಬಿಟ್ಟ, ಮಮತಾ ಬಿಟ್ಟಳು, ಕೇರಿಯವರು ಬಿಟ್ಟರು. ಹೊತ್ತಿನ ಅಂಚು ಮಾತ್ರ ಉಳಿದಿತ್ತು. ಮಾರಮ್ಮ ಏಳುವಾಗ ಪಕ್ಕದ ಗುಡ್ಡೆಯ ಮೇಲೆ ಕೈಯೂರಿದಳು. ಅದರ ಮೇಲೆ ಒಂದು ಹೂವಿನ ಎಸಳೂ ಇರಲಿಲ್ಲ.

"ಇದ್ಯಾರ್ದು?"

"ಗೊತ್ತಿಲ್ಲ ಅತ್ತಿಗೆ," ಎಂದ ತಿಮ್ಮಯ್ಯ. "ಅತ್ಲಾಗಿನವೆಲ್ಲಾ ಅಂಗೇಯ. ಮೊನ್ನೆ ರಾತ್ರಿ ಆಂಬುಲೆನ್ಸ್‌ನೋರು ತಂದು ಮುಚ್ಬುಟ್ಟು ಹೋದ್ರು. ಅವ್ರ ಕಡೆಯೋರು ಯಾರೂ ಬಂದಿಲ್ಲ."

ಮಾರಮ್ಮ ಅದರ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ನೋಡಿ, ಮತ್ತೆ ಮಂಡಿಯೂರಿದಳು.

ಚೊಂಬಿನ ತಳದಲ್ಲಿ ಒಂದು ಗುಟುಕಿನಷ್ಟು ಹಾಲಿತ್ತು. ಹಾಲು ಕಾಣದ ಗುಡ್ಡೆಗಳು ನಾಲ್ಕಿದ್ದವು.