ಮೋರಿ ಪಕ್ಕದ ನುಗ್ಗೆಮರ

ಸಿಂಚನ ಡೈರಿಯಲ್ಲಿ ಬರೆದುಕೊಂಡಳು: "ನಾನು ಅರ್ಧ ಭಾಷಣಕ್ಕೇ ಕೂತುಬಿಟ್ಟದ್ದು ಯಾರಿಗೂ ಗೊತ್ತಿಲ್ಲ. ಉಳಿದರ್ಧ ಇನ್ನೂ ನನ್ನಲ್ಲೇ ಇದೆ."

ಪರಿಸರ ದಿನದಂದು, ಊರಲ್ಲಿ ಸಸ್ಯಶಾಸ್ತ್ರ ಓದಿದವಳು ಇವಳೊಬ್ಬಳೇ ಎಂದು ಶಾಲೆಯವರು ಮೈಕಿನ ಮುಂದೆ ನಿಲ್ಲಿಸಿದ್ದರು. "ಮರಗಳು ಮಣ್ಣಿನ ವಿಷವನ್ನು ಹೀರಿಕೊಂಡೂ ಹಸಿರಾಗಿಯೇ ಇರುತ್ತವೆ" ಎಂದಳು. ಚಪ್ಪಾಳೆ ಬಿತ್ತು. ಅದಕ್ಕೆ ಬೆದರಿ, ಹೀರಿದ ವಿಷ ಬೇರು, ತೊಗಟೆ, ಎಲೆಗಳಲ್ಲೇ ಕೂತಿರುತ್ತದೆಂಬ ಉಳಿದರ್ಧವನ್ನು ನುಂಗಿಕೊಂಡು ಕುರ್ಚಿಗೆ ಓಡಿದ್ದಳು.

ಅಂದಿನಿಂದ ಪಕ್ಕದ ಮನೆ ವರಲಕ್ಷ್ಮಮ್ಮನ ನುಗ್ಗೆಮರಕ್ಕೆ ಶುಕ್ರದೆಸೆ. ಅದಿದ್ದದ್ದು ಸೀರೆ ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಮೋರಿ ಪಕ್ಕ. ಮೋರಿ ಸೋಮವಾರ ಕೆಂಪು, ಮಂಗಳವಾರ ನೀಲಿ. ಈ ಸಲ ಯಾವ ಬಣ್ಣದ ಸೀರೆ ನಡೆಯುತ್ತದೆಂದು ಹೆಂಗಸರು ಮೋರಿ ನೋಡಿಯೇ ಹೇಳುತ್ತಿದ್ದರು. ಹಿಂದೆ ಯಾರೂ ಮುಟ್ಟದಿದ್ದ ಕಾಯಿ ಈಗ ಬೀದಿಗೆಲ್ಲ ಹಂಚಿಕೆ. "ನಮ್ ಸಿಂಚನಾನೇ ಹೇಳವ್ಳೆ, ಮರ ಎಲ್ಲಾ ಸೋಸ್ಬಿಡ್ತದಂತೆ!" ಎನ್ನುತ್ತಿದ್ದಳು ವರಲಕ್ಷ್ಮಮ್ಮ.

ತನ್ನ ಮನೆಗೆ ಬಂದ ಕಾಯನ್ನೆಲ್ಲ ಸಿಂಚನ ಹಿತ್ತಲಲ್ಲಿ ಹೂತು, ಬೆಕ್ಕು ಎಳೆದುಕೊಂಡು ಹೋಯಿತೆಂದಳು. ಮೂರನೆಯ ಸಲಕ್ಕೆ ಅಮ್ಮ ಕೇಳಿದಳು: "ನುಗ್ಗೇಕಾಯಿ ತಿನ್ನೋ ಬೆಕ್ಕು ಯಾವ ಸೀಮೇದೇ?" ನಿಜ ಹೇಳಲೆಂದು ಎರಡು ಸಲ ವರಲಕ್ಷ್ಮಮ್ಮನ ಹೊಸ್ತಿಲವರೆಗೆ ಹೋಗಿ, ಎರಡು ಸಲವೂ ಒಂದು ಲೋಟ ಸಕ್ಕರೆ ಕೇಳಿಕೊಂಡು ಬಂದಳು.

ಅಷ್ಟರಲ್ಲಿ ವರಲಕ್ಷ್ಮಮ್ಮನ ಮಗಳು ಅರ್ಪಿತ ಹೆರಿಗೆಗೆಂದು ತವರಿಗೆ ಬಂದಳು. ಏಳು ತಿಂಗಳು. ಸಿಂಚನಳನ್ನೂ ಊಟಕ್ಕೆ ಕರೆದರು. ನುಗ್ಗೆಸೊಪ್ಪಿನ ಪಲ್ಯ, ಅದರದೇ ಬಸ್ಸಾರು.

"ರಕ್ತ ಕಮ್ಮಿ ಅಂದವ್ರೆ ಡಾಕ್ಟ್ರು. ಹೆರಿಗೆ ಗಂಟ ದಿನಾ ಇದೇ ಸೊಪ್ಪು" ಎಂದಳು ವರಲಕ್ಷ್ಮಮ್ಮ.

ಅವಳ ಗಂಡ ಪಿಳ್ಳಪ್ಪ ತಟ್ಟೆಯನ್ನೇ ನೋಡುತ್ತಿದ್ದ. "ಹುಷಾರು ಕಣೇ, ಮೊಮ್ಮಗು ನೀಲಿಗೆ ಹುಟ್ಟೀತು."

"ಕೃಷ್ಣನೇ ಹುಟ್ಲಿ ಬುಡಿ! ಓದಿರೋ ಹುಡ್ಗಿ ಹೇಳದ್ಮೇಲೆ ನಿಮ್ದೇನು? ಅಲ್ವೇನೇ ಸಿಂಚನ?"

ಸಿಂಚನ ತಲೆಯಲ್ಲಾಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ವರಲಕ್ಷ್ಮಮ್ಮ ಹೌದೆಂದೇ ಎಣಿಸಿ ಮಗಳಿಗೆ ಇನ್ನೊಂದು ಸೌಟು ಸುರಿದಳು. ಅರ್ಪಿತ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಬಾಯಿಗೆ ಒಯ್ದಳು.

ಸಿಂಚನ ಎದ್ದು ಆ ಕೈಯನ್ನು ಹಿಡಿದೇಬಿಟ್ಟಳು. ಸಾರು ಇಬ್ಬರ ಮೊಣಕೈವರೆಗೂ ಇಳಿಯಿತು.

"ತಿನ್ಬೇಡಕ್ಕ. ಮರ ವಿಷ ಸೋಸಲ್ಲ, ಎಲೇಲೇ ಇಟ್ಕೊಂಡಿರುತ್ತೆ."